ಏಜೆಂಟ್ ಟೂಲನ್ನು ತಪ್ಪಾಗಿ ಓಡಿಸುತ್ತಿದೆಯಾ? ಮೊದಲು ಅದು ಓದಿದ ವಿವರಣೆ ನೋಡಿ

ಒಂದು ಸರ್ವರ್ ಇತ್ತು. 8443ನೇ ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಯಂತ್ರದ ನಂಬರು ಹಾಕಿದ ಬಾಗಿಲು) ಅದರ ವೆಬ್ ಪುಟವನ್ನು ನಾನು ಬ್ರೌಸರ್‌ನಲ್ಲಿ ತೆರೆದು ಕೂತಿದ್ದೆ. ಅದೇ ಹೊತ್ತಿಗೆ ನಮ್ಮ ಎಐ ಏಜೆಂಟ್ (ನಾವು ಕೊಟ್ಟ ಟೂಲ್‌ಗಳನ್ನು ತಾನೇ ಓಡಿಸಿ ಕೆಲಸ ಮಾಡುವ ಎಐ ಪ್ರೋಗ್ರಾಂ) ವರದಿ ಒಪ್ಪಿಸಿತು: "ಈ ವಿಳಾಸದಲ್ಲಿ ಯಾವ ಯಂತ್ರವೂ ಇಲ್ಲ. ಪಟ್ಟಿಯಿಂದ ತೆಗೆಯಬಹುದು." ಮಾತಿನಲ್ಲಿ ಒಂದಿಷ್ಟೂ ಅನುಮಾನವಿಲ್ಲ.

ಎರಡು ದಿನ ಏಜೆಂಟ್‌ನ ಹಿಂದಿರುವ ಎಐ ಮಾಡೆಲನ್ನೇ ಬೈದೆವು. ಬೇರೆ ಮಾಡೆಲ್ ಹಾಕಿ ನೋಡಿದೆವು. ಅದೂ ಅದನ್ನೇ ಹೇಳಿತು, ಇನ್ನಷ್ಟು ಚೆಂದದ ಭಾಷೆಯಲ್ಲಿ. ಮೂರನೇ ದಿನ ಜೊತೆಯವರೊಬ್ಬರು ಕೇಳಿದರು: "ಈ ಟೂಲ್ ಬಗ್ಗೆ ನಾವು ಅದಕ್ಕೆ ಏನು ಬರೆದು ಕೊಟ್ಟಿದ್ದೇವೆ?" ತೆಗೆದು ನೋಡಿದರೆ ಒಂದೇ ಸಾಲು. "ಎನ್‌ಮ್ಯಾಪ್ ಬಳಸಿ ಹೋಸ್ಟನ್ನು ಸ್ಕ್ಯಾನ್ ಮಾಡುತ್ತದೆ." ಅಷ್ಟೇ. (ಎನ್‌ಮ್ಯಾಪ್ ಅಂದರೆ ನೆಟ್‌ವರ್ಕ್‌ನಲ್ಲಿ ಯಾವ ಯಂತ್ರ ಇದೆ, ಅದರ ಯಾವ ಪೋರ್ಟ್ ತೆರೆದಿದೆ ಅಂತ ನೋಡುವ ಪ್ರೋಗ್ರಾಂ. ಹೋಸ್ಟ್ ಅಂದರೆ ಆ ಯಂತ್ರ.) ಬರೆದವನು ನಾನೇ.

ಮನುಷ್ಯರಿಗೆ ಬರೆಯುವ ವಿವರಣೆ ಅರ್ಧಂಬರ್ಧ ಇದ್ದರೂ ಹೇಗೋ ನಡೆಯುತ್ತದೆ. ಓದುವವರು ತಮ್ಮ ಅನುಭವದಿಂದ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಾರೆ. ಏಜೆಂಟ್ ಕೂಡ ತುಂಬಿಕೊಳ್ಳುತ್ತದೆ, ಆದರೆ ಸಾಮಾನ್ಯವಾಗಿ ಕೇಳುವ ಗೋಜಿಗೆ ಹೋಗುವುದಿಲ್ಲ. ಊಹಿಸಿ ಮುಂದೆ ಹೋಗಿಬಿಡುತ್ತದೆ. ಹೀಗಾಗಿ ಏಜೆಂಟ್ ಎಡವಿದ ಕಡೆಯೆಲ್ಲ ನಾನೀಗ ಮೊದಲು ಹುಡುಕುವುದು ನಾವು ಬರೆಯದೆ ಬಿಟ್ಟ ಸಾಲನ್ನು. ನಮಗೆ ಸಿಕ್ಕಿದ ದೋಷಗಳನ್ನು ಅವುಗಳ ಲಕ್ಷಣದ ಪ್ರಕಾರ ಕೆಳಗೆ ಬರೆದಿದ್ದೇನೆ. ಕಮಾಂಡ್‌ಗಳ ಆಯ್ಕೆಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಮುಂದೆ ಹೈಫನ್ ಹಾಕಿ, ದೊಡ್ಡಕ್ಷರ ಚಿಕ್ಕಕ್ಷರ ನೋಡಿಕೊಳ್ಳಿ.

## ಕೈ ಹಾಕುವ ಮುಂಚೆ

ಮೂರು ವಸ್ತು ತೆಗೆದಿಟ್ಟುಕೊಳ್ಳಿ. ಇವಿಲ್ಲದೆ ಶುರು ಮಾಡಿದರೆ ಸುಮ್ನೆ ಕತ್ತಲಲ್ಲಿ ತಡಕಾಡುವುದೇ ಆಗುತ್ತದೆ.

ಮೊದಲನೆಯದು, ಮಾಡೆಲ್‌ಗೆ ನಿಜವಾಗಿ ತಲುಪಿದ ವಿವರಣೆ. ನಿಮ್ಮ ಕೋಡ್ ಫೋಲ್ಡರ್‌ನಲ್ಲಿ ಇರುವುದಲ್ಲ, ತಲುಪಿದ್ದು. ಇವೆರಡೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಒಂದು ಸಲ ನೋಡಿದರೆ ಮಧ್ಯದ ಯಾವುದೋ ಪದರ ಉದ್ದದ ವಿವರಣೆಯ ಬಾಲವನ್ನು ಕತ್ತರಿಸಿ ಹಾಕಿತ್ತು. ಎಚ್ಚರಿಕೆಗಳೆಲ್ಲ ಆ ಬಾಲದಲ್ಲೇ ಇದ್ದವು. ಏಜೆಂಟ್‌ಗೆ ಟೂಲ್ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಬಳಸುತ್ತಿದ್ದರೆ ಇದನ್ನು ನೋಡುವುದು ಸುಲಭ. ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಈ ಪದ್ಧತಿಯಲ್ಲಿ ಪ್ರತಿ ಟೂಲ್‌ಗೂ ಹೆಸರು, ವಿವರಣೆ ಮತ್ತು ಯಾವ ಇನ್‌ಪುಟ್ ಕೊಡಬಹುದು ಅನ್ನುವ ನಮೂನೆ ಇರುತ್ತದೆ. ಟೂಲ್‌ಗಳ ಪಟ್ಟಿ ಕೇಳುವ ಸಂದೇಶಕ್ಕೆ ಬಂದ ಉತ್ತರವನ್ನು ಹಾಗೇ ಒಂದು ಫೈಲ್‌ಗೆ ಇಳಿಸಿಕೊಳ್ಳಿ.

ಎರಡನೆಯದು, ಏಜೆಂಟ್ ಟೂಲನ್ನು ಕರೆದಾಗ ಕೊಟ್ಟ ಆರ್ಗ್ಯುಮೆಂಟ್‌ಗಳು (ವಿಳಾಸ, ಆಯ್ಕೆಗಳು), ಅಕ್ಷರಶಃ. "ಪೋರ್ಟ್ ಸ್ಕ್ಯಾನ್ ಮಾಡಿದೆ" ಅಂತ ಅದು ಹೇಳಿಕೊಂಡದ್ದು ಬೇಡ.

ಮೂರನೆಯದು, ಟೂಲ್ ಕೊಟ್ಟ ಕಚ್ಚಾ ಔಟ್‌ಪುಟ್. ಎರರ್ ಸಾಲುಗಳು ಮತ್ತು ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಹೇಳುವ ಫಲಿತಾಂಶದ ಅಂಕಿ) ಸಮೇತ. ಟೂಲ್ ಮತ್ತು ಏಜೆಂಟ್ ಮಧ್ಯೆ ನೀವು ಬರೆದಿಟ್ಟ ಹೊದಿಕೆ ಕೋಡ್ ಅದನ್ನು ತೊಳೆದು ಬಳಿದು ಚೊಕ್ಕ ಮಾಡುವ ಮುಂಚಿನದ್ದು.

ಈಗ ಅದೇ ಆರ್ಗ್ಯುಮೆಂಟ್‌ಗಳನ್ನು ನೀವೇ ಕೈಯಿಂದ ಓಡಿಸಿ, ಏಜೆಂಟ್ ಓಡುವ ಅದೇ ಯಂತ್ರದಲ್ಲಿ, ಅದೇ ಯೂಸರ್ ಆಗಿ. ಔಟ್‌ಪುಟ್ ಬೇರೆ ಬಂದರೆ ದೋಷ ಪರಿಸರದಲ್ಲಿದೆ. ಅನುಮತಿ, ಕಂಟೇನರ್‌ನ ನೆಟ್‌ವರ್ಕ್, ಹೀಗೆ ಏನೋ ಒಂದು. ಔಟ್‌ಪುಟ್ ಒಂದೇ ಇದ್ದು, ನೀವು ಅದನ್ನು ಬೇರೆ ಥರ ಅರ್ಥ ಮಾಡಿಕೊಂಡರೆ, ನಿಮ್ಮ ತಲೆಯಲ್ಲಿರುವ ಯಾವುದೋ ಮಾತು ವಿವರಣೆಯಲ್ಲಿ ಇಲ್ಲ. ಆ ಮಾತು ಯಾವುದು ಅಂತ ಕಂಡುಹಿಡಿಯುವುದೇ ಮುಂದಿನ ಕೆಲಸ.

## ಲಕ್ಷಣ: "ಇಲ್ಲ" ಅನ್ನುತ್ತದೆ, ಆದರೆ ಇದೆ

ನಮ್ಮ ಸರ್ವರ್‌ನ ಕಥೆ ಇದೇ. ಎನ್‌ಮ್ಯಾಪ್ ಪೋರ್ಟ್ ನೋಡುವ ಮುಂಚೆ ಯಂತ್ರ ಎದ್ದಿದೆಯಾ ಅಂತ ಬಾಗಿಲು ತಟ್ಟುತ್ತದೆ. ರೂಟ್ ಅನುಮತಿ (ಯಂತ್ರದ ಪೂರ್ತಿ ಅಧಿಕಾರ) ಇದ್ದು, ಯಂತ್ರ ಬೇರೆ ನೆಟ್‌ವರ್ಕ್‌ನಲ್ಲಿದ್ದರೆ ನಾಲ್ಕು ಥರ ತಟ್ಟುತ್ತದೆ: ಪಿಂಗ್‌ನ ಐಸಿಎಂಪಿ ಎಕೋ, 443ನೇ ಪೋರ್ಟ್‌ಗೆ ಸಿನ್ (ಟಿಸಿಪಿ ಸಂಪರ್ಕ ಶುರು ಮಾಡುವ ಪ್ಯಾಕೆಟ್), 80ಕ್ಕೆ ಆ್ಯಕ್ (ಬಂತು ಅನ್ನುವ ಪ್ಯಾಕೆಟ್), ಇನ್ನೊಂದು ಐಸಿಎಂಪಿ ಟೈಮ್‌ಸ್ಟ್ಯಾಂಪ್. ರೂಟ್ ಇಲ್ಲದಿದ್ದರೆ 80 ಮತ್ತು 443ಕ್ಕೆ ಕನೆಕ್ಟ್ ಆಗಲು ನೋಡುತ್ತದೆ, ಅಷ್ಟೇ. ನಮ್ಮ ಸರ್ವರ್‌ನ ಫೈರ್‌ವಾಲ್ 8443 ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸದ್ದಿಲ್ಲದೆ ನುಂಗುತ್ತಿತ್ತು. ಯಾವ ತಟ್ಟಿಗೂ ಓಗೊಡಲಿಲ್ಲ. ಎನ್‌ಮ್ಯಾಪ್ "ಹೋಸ್ಟ್ ಸೀಮ್ಸ್ ಡೌನ್" ಅಂದಿತು.

ಗಮನಿಸಿ, "ಸೀಮ್ಸ್". ಹಾಗೆ ಕಾಣುತ್ತದೆ ಅಂತ ಮಾತ್ರ. ಅದರ ಪಕ್ಕದಲ್ಲೇ, ನಿಜಕ್ಕೂ ಎದ್ದಿದ್ದರೆ ದೊಡ್ಡ ಪಿ ಚಿಕ್ಕ ಎನ್ ಹಾಕಿ ನೋಡಿ ಅಂತಲೂ ಹೇಳುತ್ತದೆ. ಟೂಲ್ ಬರೆದವರು ಜವಾಬ್ದಾರಿಯಿಂದಲೇ ಬರೆದಿದ್ದಾರೆ. ಆದರೆ ನಮ್ಮ ಹೊದಿಕೆ ಕೋಡ್ ಆ ಸಾಲನ್ನು ಎಸೆದು, ಖಾಲಿ ಪಟ್ಟಿಯನ್ನಷ್ಟೇ ಏಜೆಂಟ್‌ಗೆ ಕೊಡುತ್ತಿತ್ತು. ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಕೆಲಸ ಯಶಸ್ವಿ. ಕೆಲಸ ಯಶಸ್ವಿ, ಪಟ್ಟಿ ಖಾಲಿ. ಆ ಜಾಗದಲ್ಲಿ ನೀವಿದ್ದರೂ "ಯಂತ್ರ ಇಲ್ಲ" ಅಂತಲೇ ಬರೆಯುತ್ತಿದ್ದಿರಿ, ಅಲ್ವಾ?

ಪತ್ತೆ ಹಚ್ಚುವುದು ಹೀಗೆ: ಒಂದು ಖಾಲಿ ಉತ್ತರ ಎಷ್ಟು ಕಾರಣಗಳಿಂದ ಬರಬಹುದು ಅಂತ ಕಾಗದದ ಮೇಲೆ ಬರೆಯಿರಿ. ನಮಗೆ ಸಿಕ್ಕಿದ್ದು ಇಷ್ಟು. ಯಂತ್ರ ನಿಜಕ್ಕೂ ಇಲ್ಲ. ಯಂತ್ರ ಇದೆ, ತಟ್ಟಿದ್ದಕ್ಕೆ ಓಗೊಡಲಿಲ್ಲ. ಯಂತ್ರ ಓಗೊಟ್ಟಿತು, ಆದರೆ ತೆರೆದ ಪೋರ್ಟ್ ನಾವು ನೋಡಿದ ಪಟ್ಟಿಯಲ್ಲೇ ಇಲ್ಲ. ಈ ಮೂರನೆಯದು ಬಹಳ ಜನರಿಗೆ ಗೊತ್ತಿದ್ದೂ ಮರೆತು ಹೋಗುವಂಥದ್ದು. ಏನೂ ಹೇಳದಿದ್ದರೆ ಎನ್‌ಮ್ಯಾಪ್ ನೋಡುವುದು ಹೆಚ್ಚು ಬಳಕೆಯಲ್ಲಿರುವ 1000 ಪೋರ್ಟ್‌ಗಳನ್ನು ಮಾತ್ರ. ಇರುವುದು 65535. 47000ದಲ್ಲಿ ಏನೋ ಓಡುತ್ತಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ನಾಲ್ಕನೆಯದು: ಸಮಯ ಮುಗಿದು ಸ್ಕ್ಯಾನ್ ಅರ್ಧಕ್ಕೇ ನಿಂತಿತು.

ನಾಲ್ಕು ಕಾರಣ, ಒಂದೇ ಖಾಲಿ ಪಟ್ಟಿ. ಇದನ್ನು ಬರೀ ಬರವಣಿಗೆಯಿಂದ ಸರಿ ಮಾಡಲು ಆಗುವುದಿಲ್ಲ. ಮೊದಲು ಔಟ್‌ಪುಟ್‌ನಲ್ಲೇ ನಾಲ್ಕನ್ನೂ ಬೇರೆ ಮಾಡಿ, ಆಮೇಲೆ ವಿವರಣೆ ಬರೆಯಿರಿ. ನಾವು ಎನ್‌ಮ್ಯಾಪ್‌ನ ಎಕ್ಸ್‌ಎಂಎಲ್ ಔಟ್‌ಪುಟ್ ತೆಗೆದುಕೊಂಡು, ಎಷ್ಟು ಪೋರ್ಟ್ ನೋಡಿದ್ದೇವೆ, ತಟ್ಟಿದ್ದಕ್ಕೆ ಉತ್ತರ ಬಂತಾ, ಸ್ಕ್ಯಾನ್ ಪೂರ್ತಿ ಮುಗಿಯಿತಾ ಅನ್ನುವ ಮೂರು ಮಾಹಿತಿಯನ್ನು ಉತ್ತರದ ಜೊತೆ ಸೇರಿಸಿದೆವು. ವಿವರಣೆ ಹೀಗಾಯಿತು:

"ಕೊಟ್ಟ ಒಂದು ಐಪಿ ವಿಳಾಸದ ಟಿಸಿಪಿ ಪೋರ್ಟ್‌ಗಳನ್ನು ನೋಡುತ್ತದೆ. ಪೋರ್ಟ್ ಪಟ್ಟಿ ಕೊಡದಿದ್ದರೆ ಸಾಮಾನ್ಯ 1000 ಪೋರ್ಟ್ ಮಾತ್ರ. ತೆರೆದ ಪೋರ್ಟ್ ಪಟ್ಟಿ ಖಾಲಿ ಬಂದರೆ ಯಂತ್ರ ಇಲ್ಲ ಅಂತ ಅರ್ಥವಲ್ಲ. 'ತಟ್ಟಿದ್ದಕ್ಕೆ ಉತ್ತರ' ಅನ್ನುವ ಜಾಗದಲ್ಲಿ 'ಇಲ್ಲ' ಇದ್ದರೆ, ತಟ್ಟದೆ ನೇರ ನೋಡುವ ಆಯ್ಕೆ ಹಾಕಿ ಇನ್ನೊಮ್ಮೆ ಓಡಿಸು. ಆಗಲೂ ಖಾಲಿ ಬಂದರೆ 'ಈ ಪೋರ್ಟ್‌ಗಳಲ್ಲಿ ಏನೂ ಸಿಗಲಿಲ್ಲ' ಅಂತ ಮಾತ್ರ ವರದಿ ಮಾಡು."

ಕೊನೆಯ ವಾಕ್ಯ ನೋಡಿ. ಏನು ಹೇಳಬಹುದು, ಏನು ಹೇಳಬಾರದು ಅನ್ನುವುದನ್ನು ಬರೆದಿದ್ದೇವೆ. ಮನುಷ್ಯರಿಗೆ ಬರೆಯುವಾಗ ಇಂಥ ಸಾಲು ಹಾಕಿದರೆ ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ಇಲ್ಲಿ ಜಾಸ್ತಿ ಕೆಲಸ ಮಾಡುವುದೇ ಆ ಸಾಲು.

ಇದೇ ಜಾತಿಯ ಇನ್ನೊಂದು ಗೊಂದಲ, ಕ್ಲೋಸ್ಡ್ ಮತ್ತು ಫಿಲ್ಟರ್ಡ್. ಕ್ಲೋಸ್ಡ್ ಅಂದರೆ ಯಂತ್ರ ಉತ್ತರ ಕೊಟ್ಟಿದೆ, ಆ ಪೋರ್ಟ್‌ನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಫಿಲ್ಟರ್ಡ್ ಅಂದರೆ ಮಧ್ಯೆ ಯಾರೋ ತಡೆಯುತ್ತಿದ್ದಾರೆ, ಒಳಗೆ ಏನಿದೆಯೋ ಗೊತ್ತಿಲ್ಲ. ನಮ್ಮ ಏಜೆಂಟ್ ಎರಡನ್ನೂ "ಮುಚ್ಚಿದೆ, ಸುರಕ್ಷಿತ" ಅಂತ ಒಂದೇ ಗಂಟಿಗೆ ಕಟ್ಟಿತ್ತು. ಎನ್‌ಮ್ಯಾಪ್‌ನಲ್ಲಿ ಒಟ್ಟು ಆರು ಸ್ಥಿತಿಗಳಿವೆ. ಆರಕ್ಕೂ ಒಂದೊಂದು ಸಾಲು ಬರೆದು ಹಾಕಿ. ಬರೆಯುವಾಗ ಟೂಲ್ ತೋರಿಸುವ ಪದವನ್ನೇ ಬಳಸಿ. ಔಟ್‌ಪುಟ್‌ನಲ್ಲಿ ಒಂದು ಪದ, ವಿವರಣೆಯಲ್ಲಿ ಇನ್ನೊಂದು ಪದ ಇದ್ದರೆ ಏಜೆಂಟ್ ಎರಡನ್ನೂ ಬೇರೆ ಬೇರೆ ವಿಷಯ ಅಂದುಕೊಳ್ಳುತ್ತದೆ.

## ಲಕ್ಷಣ: ಕೆಲಸ ಮುಗಿಯುವುದೇ ಇಲ್ಲ, ಅಥವಾ ಮುಗಿದು ಖಾಲಿ ಬರುತ್ತದೆ

ನೆಟ್‌ವರ್ಕ್‌ನಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿದರೆ ಯಾರಾದರೂ ನಿಲ್ಲಿಸುವ ತನಕ ಓಡುತ್ತದೆ. ನಾವು ಕಂಟ್ರೋಲ್ ಸಿ ಒತ್ತುತ್ತೇವೆ. ಏಜೆಂಟ್‌ಗೆ ಒತ್ತಲು ಬೆರಳಿಲ್ಲ. ಲಿನಕ್ಸ್‌ನ ಪಿಂಗ್ ಕೂಡ ಹೀಗೇ. ವಿಂಡೋಸ್‌ನಲ್ಲಿ ನಾಲ್ಕು ಸಲ ಕಳಿಸಿ ನಿಲ್ಲುತ್ತದೆ, ಲಿನಕ್ಸ್‌ನಲ್ಲಿ ಎಣಿಕೆ ಹೇಳದಿದ್ದರೆ ನಿಲ್ಲುವುದಿಲ್ಲ. ಸರ್ವರ್‌ನ ಭದ್ರ ಸಂಪರ್ಕ ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್‌ನ ಎಸ್ ಕ್ಲೈಂಟ್ ಇನ್ನೊಂದು ಥರ. ಅದು ಕನೆಕ್ಟ್ ಆಗಿ ಸರ್ಟಿಫಿಕೇಟ್ ತೋರಿಸಿ, ನೀವು ಏನಾದರೂ ಟೈಪ್ ಮಾಡುತ್ತೀರಿ ಅಂತ ಕಾಯುತ್ತಾ ಕೂರುತ್ತದೆ. ಅದಕ್ಕೆ ಇನ್‌ಪುಟ್ ಕಡೆಯಿಂದ ಡೆವ್ ನಲ್ (ಲಿನಕ್ಸ್‌ನ ಯಾವಾಗಲೂ ಖಾಲಿ ಇರುವ ಫೈಲ್) ಜೋಡಿಸಿ.

ಟಿಸಿಪಿಡಂಪ್‌ಗೆ ಚಿಕ್ಕ ಸಿ ಹಾಕಿ ನೂರು ಪ್ಯಾಕೆಟ್ ಅಂತ ಮಿತಿ ಕೊಟ್ಟರೆ ಸಾಕು ಅಂತ ನಾವು ಅಂದುಕೊಂಡೆವು. ಸಾಲಲಿಲ್ಲ. ಸದ್ದಿಲ್ಲದ ಇಂಟರ್‌ಫೇಸ್‌ನಲ್ಲಿ ನೂರನೇ ಪ್ಯಾಕೆಟ್ ಬರುವುದೇ ಇಲ್ಲ. ಹೊದಿಕೆ ಕೋಡ್ 30 ಸೆಕೆಂಡ್ ಆದ ಮೇಲೆ ಪ್ರೋಸೆಸನ್ನು ಸಿಗ್‌ಕಿಲ್ ಕಳಿಸಿ ಕೊಲ್ಲುತ್ತಿತ್ತು. ಟಿಸಿಪಿಡಂಪ್ ತನ್ನ ಔಟ್‌ಪುಟ್ ಪೈಪ್‌ಗೆ ಹೋಗುವಾಗ ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೊಂದಾಗ ಕೂಡಿಟ್ಟದ್ದೂ ಸತ್ತಿತು. ಹದಿನೇಳು ಪ್ಯಾಕೆಟ್ ಹಿಡಿದಿತ್ತು, ಏಜೆಂಟ್‌ಗೆ ಸಿಕ್ಕಿದ್ದು ಸೊನ್ನೆ. ವರದಿ: "ಈ ಇಂಟರ್‌ಫೇಸ್‌ನಲ್ಲಿ ಟ್ರಾಫಿಕ್ ಇಲ್ಲ." ಮತ್ತೆ ಅದೇ ಖಾಲಿ.

ಪರೀಕ್ಷೆ ಸುಲಭ. ಚಿಕ್ಕ ಎಲ್ ಹಾಕಿ ಓಡಿಸಿ. ಆಗ ಸಾಲು ಸಾಲಾಗಿ ಹೊರಗೆ ಬರುತ್ತದೆ. ಮುಂಚೆ ಖಾಲಿ ಬಂದದ್ದು ಈಗ ತುಂಬಿ ಬಂದರೆ ಬಫರ್ ದೋಷವೇ. ಎಣಿಕೆ ಮಿತಿ, ಸಮಯ ಮಿತಿ ಎರಡನ್ನೂ ಇಡಿ. ಸಮಯ ಮಿತಿಗೆ ಲಿನಕ್ಸ್‌ನ ಟೈಮ್‌ಔಟ್ ಕಮಾಂಡ್ ಒಳ್ಳೆಯದು. ಅದು ಮೊದಲು ಸಿಗ್‌ಟರ್ಮ್ (ಮುಗಿಸಿ ಹೊರಡು ಅನ್ನುವ ಸಂಕೇತ) ಕಳಿಸುತ್ತದೆ, ಟಿಸಿಪಿಡಂಪ್ ಕೈಯಲ್ಲಿದ್ದದ್ದನ್ನು ಹೊರಗೆ ಹಾಕಿ ಹೋಗುತ್ತದೆ. ಸಮಯ ಮೀರಿದಾಗ ಟೈಮ್‌ಔಟ್ ಕೊಡುವ ಎಕ್ಸಿಟ್ ಕೋಡ್ 124. ಇದನ್ನು ವಿವರಣೆಯಲ್ಲಿ ಬರೆಯಲೇಬೇಕು: "124 ಬಂದರೆ ದೋಷವಲ್ಲ, ಸಮಯ ಮುಗಿಯಿತು, ಬಂದಷ್ಟು ಪ್ಯಾಕೆಟ್ ಸರಿಯಾಗಿವೆ." ಬರೆಯದಿದ್ದರೆ ಏಜೆಂಟ್ ಅದನ್ನು ಸೋಲು ಅಂದುಕೊಂಡು ಅದೇ ಕಮಾಂಡನ್ನು ಮತ್ತೆ ಮತ್ತೆ ಓಡಿಸುತ್ತದೆ. ನಮ್ಮದು ಹನ್ನೊಂದು ಸಲ ಓಡಿಸಿತ್ತು.

ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಎಲ್ಲವೂ ಕೆಟ್ಟದ್ದಲ್ಲ. ಪಠ್ಯದಲ್ಲಿ ಹುಡುಕುವ ಗ್ರೆಪ್‌ಗೆ ಏನೂ ಸಿಗದಿದ್ದರೆ 1. ಲಿನಕ್ಸ್‌ನ ಪಿಂಗ್‌ಗೆ ಉತ್ತರವೇ ಬರದಿದ್ದರೆ 1, ಬೇರೆ ತೊಂದರೆ ಆದರೆ 2. ಪ್ರತಿ ಟೂಲ್‌ಗೂ ಇಂಥ ಒಂದು ಸಾಲು ಸಾಕು.

## ಲಕ್ಷಣ: ಗಂಭೀರ ಅಲರ್ಟ್‌ಗಳು ವರದಿಯ ಕೊನೆಯಲ್ಲಿ ಇರುತ್ತವೆ

ಇದು ಸಿಕ್ಕಿದಾಗ ನಗು ಬಂತು, ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ನೆಟ್‌ವರ್ಕ್‌ನಲ್ಲಿ ದಾಳಿಯ ಸುಳಿವು ಹಿಡಿಯುವ ಸುರಿಕಾಟಾದ ಅಲರ್ಟ್‌ಗಳಲ್ಲಿ ಸಿವಿಯಾರಿಟಿ ಅಂತ ಒಂದು ಅಂಕಿ ಇರುತ್ತದೆ. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಗಂಭೀರ. ಏಜೆಂಟ್ 3 ದೊಡ್ಡದು ಅಂದುಕೊಂಡು ಪಟ್ಟಿ ಮಾಡಿತು. ಬೆಂಕಿ ಬಿದ್ದದ್ದು ಕೊನೆಯ ಪುಟಕ್ಕೆ ಹೋಯಿತು.

ಅದರ ತಪ್ಪೇನು? ಅದೇ ಏಜೆಂಟ್‌ನ ಕೈಯಲ್ಲಿ ಸಿವಿಎಸ್‌ಎಸ್ (ಭದ್ರತಾ ದೋಷದ ತೀವ್ರತೆ ಅಳೆಯುವ) ಅಂಕಗಳೂ ಇದ್ದವು. ಅಲ್ಲಿ 0ಯಿಂದ 10ರವರೆಗೆ, ದೊಡ್ಡದಾದಷ್ಟೂ ಅಪಾಯ. ಯಂತ್ರಗಳ ಸಂದೇಶ ದಾಖಲಿಸುವ ಸಿಸ್‌ಲಾಗ್‌ನಲ್ಲಿ ಮತ್ತೆ ತಲೆಕೆಳಗು: 0 ಅಂದರೆ ಎಮರ್ಜೆನ್ಸಿ, 7 ಅಂದರೆ ಡೀಬಗ್. ಮೂರು ಅಳತೆಗೋಲು, ಒಂದು ಬಲಕ್ಕೆ ಏರುತ್ತದೆ, ಎರಡು ಎಡಕ್ಕೆ. ಯಾವ ವಿವರಣೆಯಲ್ಲೂ ದಿಕ್ಕು ಬರೆದಿರಲಿಲ್ಲ. ಪತ್ತೆ ಹಚ್ಚಲು ಗಂಭೀರತೆ ಗೊತ್ತಿರುವ ಎರಡು ಅಲರ್ಟ್ ಕೊಟ್ಟು, ಇದರಲ್ಲಿ ಯಾವುದನ್ನು ಮೊದಲು ನೋಡಬೇಕು ಅಂತ ಏಜೆಂಟನ್ನೇ ಕೇಳಿ. ಉಲ್ಟಾ ಹೇಳಿದರೆ ದೋಷ ಸಿಕ್ಕಿತು. ಸರಿಪಡಿಸಲು ಅಂಕಿ ಬರುವ ಜಾಗದಲ್ಲೇ ದಿಕ್ಕು ಬರೆಯಿರಿ. ಸಾಧ್ಯವಾದರೆ ಅಂಕಿಯ ಪಕ್ಕ ಒಂದು ಪದವನ್ನೂ ಕೊಡಿ.

ಸಮಯದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಸಂಪರ್ಕಗಳನ್ನು ದಾಖಲಿಸುವ ಝೀಕ್‌ನ ಲಾಗ್‌ಗಳಲ್ಲಿ ಸಮಯ ಮಾಮೂಲಿಯಾಗಿ 1970ರಿಂದ ಎಣಿಸಿದ ಸೆಕೆಂಡ್‌ಗಳಲ್ಲಿ ಇರುತ್ತದೆ. ಸುರಿಕಾಟಾದ ಈವ್ ಲಾಗ್‌ನಲ್ಲಿ ತಾರೀಖು, ಗಂಟೆ, ಟೈಮ್ ಝೋನ್ ವ್ಯತ್ಯಾಸ ಸಮೇತ ಇರುತ್ತದೆ. ಎರಡನ್ನೂ ಹೊಂದಿಸಿ ಕಥೆ ಹೇಳು ಅಂದರೆ ಏಜೆಂಟ್ ಹೇಳುತ್ತದೆ, ಗಂಟೆಗಟ್ಟಲೆ ತಪ್ಪಿಸಿ. ಝೀಕ್‌ನ ಸಾಮಾನ್ಯ ಲಾಗ್‌ನಲ್ಲಿ ಬರೀ ಒಂದು ಗೆರೆ ಇದ್ದರೆ ಆ ಮಾಹಿತಿ ಸಿಕ್ಕಿಲ್ಲ ಅಂತ ಅರ್ಥ, ಸೊನ್ನೆ ಅಂತ ಅಲ್ಲ. ಇದನ್ನೂ ಬರೆದಿಡಿ.

## ಲಕ್ಷಣ: ಫಿಲ್ಟರ್ ಕೊಟ್ಟರೆ ಸಿಂಟ್ಯಾಕ್ಸ್ ಎರರ್

ಪ್ಯಾಕೆಟ್ ಹಿಡಿದು ಬಿಡಿಸಿ ತೋರಿಸುವ ಟಿಶಾರ್ಕ್‌ನಲ್ಲಿ ಎರಡು ಫಿಲ್ಟರ್ ಭಾಷೆಗಳಿವೆ. ಹಿಡಿಯುವಾಗ ಹಾಕುವುದು ಚಿಕ್ಕ ಎಫ್, ಅಲ್ಲಿ "ಟಿಸಿಪಿ ಪೋರ್ಟ್ 443" ಅನ್ನಬೇಕು. ಹಿಡಿದದ್ದನ್ನು ಸೋಸುವುದು ದೊಡ್ಡ ವೈ, ಅಲ್ಲಿ "ಟಿಸಿಪಿ.ಪೋರ್ಟ್ == 443". ನಮ್ಮ ಟೂಲ್‌ನಲ್ಲಿ ಇನ್‌ಪುಟ್‌ನ ಹೆಸರು ಸುಮ್ಮನೆ "ಫಿಲ್ಟರ್" ಅಂತ ಇತ್ತು. ಏಜೆಂಟ್ ಎರಡನ್ನೂ ಅದಲುಬದಲು ಮಾಡುತ್ತಿತ್ತು. ಎರರ್ ಬಂದಾಗ ಇನ್ನೊಂದು ಭಾಷೆಯ ಇನ್ನೊಂದು ತಪ್ಪು ರೂಪ ಪ್ರಯತ್ನಿಸುತ್ತಿತ್ತು. ಉದ್ದುದ್ದ ವಿವರಣೆ ಬರೆದು ನೋಡಿದೆವು, ಅರ್ಧ ಸರಿಯಾಯಿತು. ಕೊನೆಗೆ ಹೆಸರನ್ನೇ "ಹಿಡಿಯುವ ಫಿಲ್ಟರ್", "ತೋರಿಸುವ ಫಿಲ್ಟರ್" ಅಂತ ಎರಡು ಮಾಡಿ, ಒಂದೊಂದಕ್ಕೂ ಒಂದು ಸರಿಯಾದ ಉದಾಹರಣೆ ಇಟ್ಟೆವು. ಮುಗಿಯಿತು. ಉಳಿಸಿಟ್ಟ ಫೈಲ್ ಓದುವಾಗ ಹಿಡಿಯುವ ಫಿಲ್ಟರ್ ನಡೆಯುವುದಿಲ್ಲ ಅನ್ನುವ ಸಾಲೂ ಬೇಕು.

## ಲಕ್ಷಣ: ಯಾರೂ ಹೇಳದ ವಿಳಾಸವನ್ನು ಸ್ಕ್ಯಾನ್ ಮಾಡಿತು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅನುಮತಿ ಇಲ್ಲದ ಯಂತ್ರವನ್ನು ಸ್ಕ್ಯಾನ್ ಮಾಡಿದರೆ ಕಾನೂನಿನ ತೊಂದರೆಯೂ ಬರಬಹುದು. ಮೊದಲು ಏಜೆಂಟನ್ನು ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ.

ಹುಡುಕುವುದು ಹೀಗೆ. ಅದು ಮುಟ್ಟಿದ ವಿಳಾಸವನ್ನು ನಿಮ್ಮ ವಿವರಣೆಗಳಲ್ಲಿ ಸರ್ಚ್ ಮಾಡಿ. ನಮ್ಮಲ್ಲಿ ಸಿಕ್ಕಿತು. ಯಾರೋ ಉದಾಹರಣೆಗೆ ಅಂತ ಕೈಗೆ ಬಂದ ಒಂದು ಐಪಿ ಹಾಕಿದ್ದರು. ಬಳಕೆದಾರರು ವಿಳಾಸ ಕೊಡಲು ಮರೆತಿದ್ದರು. ಏಜೆಂಟ್ ಉದಾಹರಣೆಯಲ್ಲಿದ್ದುದನ್ನೇ ಎತ್ತಿಕೊಂಡಿತು. ಅದಕ್ಕೆ ಉದಾಹರಣೆಯೂ ಒಂದೇ, ಆದೇಶವೂ ಒಂದೇ.

ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸಗಳಿವೆ. 2010ರಲ್ಲಿ ಬಂದ ಆರ್‌ಎಫ್‌ಸಿ 5737 (ಇಂಟರ್‌ನೆಟ್ ಪದ್ಧತಿಗಳ ದಾಖಲೆಗಳಲ್ಲೊಂದು) ಇದಕ್ಕೆಂದೇ ಮೂರು ತುಂಡು ತೆಗೆದಿಟ್ಟಿದೆ: 192.0.2.0/24, 198.51.100.0/24 ಮತ್ತು 203.0.113.0/24. ವಿವರಣೆಯಲ್ಲಿ ಬರುವ ಪ್ರತಿ ಐಪಿಯೂ ಇವುಗಳಲ್ಲಿ ಒಂದಾಗಿರಲಿ. ಹೊದಿಕೆ ಕೋಡ್ ಈ ಮೂರನ್ನೂ ತಿರಸ್ಕರಿಸಲಿ. ಆಗ ಏಜೆಂಟ್ ಉದಾಹರಣೆಯನ್ನು ನಕಲು ಮಾಡಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಎರರ್ ಸಂದೇಶದಲ್ಲೂ ಮುಂದಿನ ದಾರಿ ಬರೆಯಿರಿ: "ಇದು ಉದಾಹರಣೆಯ ವಿಳಾಸ. ಬಳಕೆದಾರರಿಂದ ನಿಜವಾದ ವಿಳಾಸ ಕೇಳು." ಏಜೆಂಟ್ ನಿಂತು ಕೇಳುವುದನ್ನು ನಾನು ಜಾಸ್ತಿ ನೋಡಿದ್ದು ಇಂಥ ಎರರ್‌ಗಳ ನಂತರವೇ.

ಕಾರಣ ಉದಾಹರಣೆಯಲ್ಲಿ ಸಿಗದಿದ್ದರೆ ವಿಳಾಸದ ಕೊನೆಯ ಸ್ಲ್ಯಾಶ್ ನೋಡಿ, ಒಟ್ಟು ಎಷ್ಟು ವಿಳಾಸ ಅಂತ ಅದು ಹೇಳುತ್ತದೆ. ಸ್ಲ್ಯಾಶ್ 24 ಅಂದರೆ 256 ವಿಳಾಸ, ಸ್ಲ್ಯಾಶ್ 16 ಅಂದರೆ 65536. "ಒಂದು ಹೋಸ್ಟ್" ಅಂತ ವಿವರಣೆ ಇದ್ದರೂ ಇನ್‌ಪುಟ್ ನಮೂನೆ ಯಾವ ಅಕ್ಷರವನ್ನಾದರೂ ಒಪ್ಪುತ್ತಿದ್ದರೆ ಒಂದು ದಿನ ಸ್ಲ್ಯಾಶ್ ಬಂದೇ ಬರುತ್ತದೆ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. "ಅನುಮತಿ ಇಲ್ಲದ ವಿಳಾಸಗಳನ್ನು ದಯವಿಟ್ಟು ಸ್ಕ್ಯಾನ್ ಮಾಡಬೇಡ" ಅಂತ ವಿವರಣೆಯಲ್ಲಿ ಬರೆದು ನೆಮ್ಮದಿಯಾಗಿ ಮಲಗುವವರನ್ನು ನೋಡಿದ್ದೇನೆ. ವಿವರಣೆ ದಾರಿ ತೋರಿಸುವ ಫಲಕ, ಬೇಲಿ ಅಲ್ಲ. ಯಾವ ವಿಳಾಸಗಳಿಗೆ ಅನುಮತಿ ಇದೆ ಅನ್ನುವ ಪಟ್ಟಿ ಕೋಡ್‌ನಲ್ಲಿ ಇರಬೇಕು, ಅದರ ಹೊರಗಿನದ್ದನ್ನು ಕೋಡ್ ತಡೆಯಬೇಕು. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ "ಈ ಟೂಲ್ ಓದುತ್ತದೆ ಅಷ್ಟೇ", "ಇದು ಹಾಳು ಮಾಡಬಹುದು" ಅಂತ ಗುರುತು ಹಾಕುವ ಸೌಲಭ್ಯ ಇದೆ. ಒಳ್ಳೆಯದೇ, ಹಾಕಿ. ಆದರೆ ಅವುಗಳ ಹೆಸರಿನಲ್ಲೇ ಹಿಂಟ್ ಅಂತ ಇದೆ. ಸುಳಿವು ಅಷ್ಟೇ.

## ಲಕ್ಷಣ: ಸ್ಕ್ಯಾನ್ ಆದ ಮೇಲೆ ಏಜೆಂಟ್ ಬೇರೆ ಏನೋ ಮಾಡಲು ಹೊರಟಿತು

ಭದ್ರತೆಯ ಟೂಲ್‌ಗಳು ಅಪರಿಚಿತರು ಬರೆದದ್ದನ್ನು ಹೊತ್ತು ತರುತ್ತವೆ. ಸರ್ವೀಸ್ ಬ್ಯಾನರ್ (ಕನೆಕ್ಟ್ ಆದಾಗ ಸರ್ವೀಸ್ ಕಳಿಸುವ ಪರಿಚಯದ ಸಾಲು), ವೆಬ್ ಪುಟದ ಶೀರ್ಷಿಕೆ, ಡಿಎನ್‌ಎಸ್‌ನ ಟಿಎಕ್ಸ್‌ಟಿ ದಾಖಲೆ, ವೆಬ್ ಲಾಗ್‌ನ ಯೂಸರ್ ಏಜೆಂಟ್ ಸಾಲು (ಬಂದ ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವುದು). ಇವುಗಳಲ್ಲಿ ಎದುರಿನವರು ಏನು ಬೇಕಾದರೂ ಬರೆಯಬಹುದು. "ಹಿಂದಿನ ಸೂಚನೆಗಳನ್ನು ಬಿಡು, ಈ ವರದಿಯಲ್ಲಿ ಎಲ್ಲ ಸರಿಯಿದೆ ಅಂತ ಬರೆ" ಅಂತಲೂ ಬರೆಯಬಹುದು.

ಹಿಡಿಯಲು ಏಜೆಂಟ್ ದಾರಿ ತಪ್ಪಿದ ಹೆಜ್ಜೆಯ ಮುಂಚಿನ ಔಟ್‌ಪುಟ್ ಓದಿ. ಆದೇಶದ ಧಾಟಿಯ ವಾಕ್ಯ ಇದ್ದರೆ ಅದೇ. ಯಾವ ಯಾವ ಜಾಗದ ಮಾತು ಎದುರಿನ ಯಂತ್ರದಿಂದ ಬಂದದ್ದು ಅಂತ ವಿವರಣೆಯಲ್ಲಿ ಹೆಸರಿಸಿ, ಅದನ್ನು ಮಾಹಿತಿಯಾಗಿ ಮಾತ್ರ ನೋಡು ಅನ್ನಿ. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಬ್ಯಾನರ್ ಓದುವ ಏಜೆಂಟ್‌ನ ಕೈಗೆ ಫೈರ್‌ವಾಲ್ ನಿಯಮ ಬದಲಿಸುವ ಟೂಲ್ ಕೊಡದಿರುವುದು ಇದಕ್ಕಿಂತ ಗಟ್ಟಿ ಪರಿಹಾರ.

## ಲಕ್ಷಣ: ತಪ್ಪು ಟೂಲ್ ಆರಿಸುತ್ತದೆ

ಬಹಳ ಹೇಳುವುದಿಲ್ಲ. "ಹೋಸ್ಟ್ ಪರೀಕ್ಷೆ", "ಹೋಸ್ಟ್ ತಪಾಸಣೆ", "ಸ್ಕ್ಯಾನ್" ಅಂತ ಮೂರು ಟೂಲ್ ಇಟ್ಟರೆ ನಾವೇ ತಡವರಿಸುತ್ತೇವೆ. ಪ್ರತಿ ವಿವರಣೆಗೂ "ಇದಕ್ಕೆ ಬಳಸಬೇಡ, ಅದಕ್ಕೆ ಆ ಟೂಲ್ ಇದೆ" ಅನ್ನುವ ಒಂದು ಸಾಲು ಸೇರಿಸಿ. ಲಿನಕ್ಸ್‌ನ ಫೈರ್‌ವಾಲ್ ಐಪಿಟೇಬಲ್ಸ್‌ನ ನಿಯಮಗಳ ಪಟ್ಟಿ ತೋರಿಸುವ ಟೂಲ್ ಇದ್ದರೆ, ಟೇಬಲ್ ಹೇಳದಿದ್ದಾಗ ಫಿಲ್ಟರ್ ಟೇಬಲ್ ಮಾತ್ರ ಕಾಣುತ್ತದೆ, ನ್ಯಾಟ್ (ವಿಳಾಸ ಬದಲಿಸುವ) ನಿಯಮ ಕಾಣುವುದಿಲ್ಲ ಅಂತ ಬರೆಯಿರಿ. ಇಲ್ಲದಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಇಲ್ಲವೇ ಇಲ್ಲ ಅಂತ ಅದು ಆಣೆ ಮಾಡಿ ಹೇಳುತ್ತದೆ.

## ಸರಿಯಾಯಿತಾ ಅಂತ ನೋಡುವುದು

ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ. ಹೊಸ ಸೆಷನ್ ತೆರೆದು ಅದೇ ಪ್ರಶ್ನೆ ಕೇಳಿ. ಹಳೆಯ ಸೆಷನ್‌ನಲ್ಲಿ ಕೇಳಿದರೆ ಅದು ಮುಂಚಿನ ಬೈಗುಳದಿಂದ ಕಲಿತದ್ದನ್ನು ಒಪ್ಪಿಸುತ್ತದೆ, ವಿವರಣೆಯಿಂದಲ್ಲ. ಒಂದು ಸಲ ಸರಿ ಬಂತು ಅಂತ ಮುಗಿಸಬೇಡಿ. ಅದೇ ಪ್ರಶ್ನೆಗೆ ಮಾಡೆಲ್ ಪ್ರತಿ ಸಲ ಒಂದೇ ದಾರಿ ಹಿಡಿಯಬೇಕು ಅಂತೇನಿಲ್ಲ. ನಾನು ಹತ್ತು ಸಲ ಓಡಿಸುತ್ತೇನೆ. ಮೇಲಿನ ಪ್ರತಿ ದೋಷವನ್ನೂ ಒಂದು ಪರೀಕ್ಷೆಯಾಗಿ ಉಳಿಸಿಕೊಂಡಿದ್ದೇವೆ. ವಿವರಣೆಯಲ್ಲಿ ಒಂದು ಅಕ್ಷರ ಬದಲಾದರೂ ಅವೆಲ್ಲ ಮತ್ತೆ ಓಡುತ್ತವೆ.

ಭಯಕ್ಕೆ ಇಡೀ ಮ್ಯಾನ್ ಪುಟವನ್ನು (ಟೂಲ್‌ನ ಕೈಪಿಡಿಯನ್ನು) ವಿವರಣೆಗೆ ಸುರಿಯಬೇಡಿ. ನಾವು ಸುರಿದೆವು. ಕೆಲಸಕ್ಕೆ ಬಾರದ ಆಯ್ಕೆಗಳನ್ನೆಲ್ಲ ಏಜೆಂಟ್ ಉತ್ಸಾಹದಿಂದ ಹಾಕಿ ನೋಡತೊಡಗಿತು. ತಲುಪಿದ ವಿವರಣೆ ಸರಿಯಿದೆ, ಆರ್ಗ್ಯುಮೆಂಟ್ ಸರಿಯಿದೆ, ಔಟ್‌ಪುಟ್ ಸ್ಪಷ್ಟವಾಗಿದೆ, ಆದರೂ ತಪ್ಪು ಓದುತ್ತಿದೆ ಅಂದರೆ ಆಗ ಮಾಡೆಲನ್ನು ಬೈಯಿರಿ. ಅಂಥದ್ದೂ ಆಗುತ್ತದೆ.

ನಮ್ಮಲ್ಲಿ ಇನ್ನೂ ಪೂರ್ತಿ ಸರಿಯಾಗದ ಒಂದಿದೆ, ಯುಡಿಪಿ ಸ್ಕ್ಯಾನ್. ಯುಡಿಪಿಯಲ್ಲಿ (ಟಿಸಿಪಿ ಥರ ಮೊದಲು ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ಪದ್ಧತಿ) ಉತ್ತರ ಬರದಿದ್ದರೆ ಪೋರ್ಟ್ ತೆರೆದಿರಬಹುದು, ಅಥವಾ ಫೈರ್‌ವಾಲ್ ನುಂಗಿರಬಹುದು. ಎನ್‌ಮ್ಯಾಪ್ "ಓಪನ್|ಫಿಲ್ಟರ್ಡ್" ಅನ್ನುತ್ತದೆ. ಏಜೆಂಟ್ ಆ ಗೆರೆಯ ಎಡಭಾಗ ಮಾತ್ರ ಓದಿ, ತೆರೆದಿದೆ ಅಂತ ವರದಿ ಮಾಡುತ್ತದೆ. ವಿವರಣೆ ತಿದ್ದಿದ ಮೇಲೆ ಹತ್ತರಲ್ಲಿ ಎಂಟು ಸಲ ಸರಿ ಬರುತ್ತಿತ್ತು. ಹೋದ ವಾರ ಹೊದಿಕೆ ಕೋಡ್‌ನಲ್ಲೇ ಆ ಪದವನ್ನು "ಗೊತ್ತಾಗಲಿಲ್ಲ" ಅಂತ ಬದಲಿಸಿದ್ದೇವೆ. ಈಗ ಒಂಬತ್ತು. ಹತ್ತಕ್ಕೆ ಹತ್ತು ಸರಿ ಬರುವ ತನಕ ಯುಡಿಪಿ ವರದಿಗಳನ್ನು ನಾನೇ ಕೂತು ಓದುತ್ತಿದ್ದೇನೆ.